ಅವರು ಹೇಳಿದ ಅಂಕಿ, ನಾನು ಹೇಳಿದ ಅಂಕಿ

ನನ್ನ ಯಜಮಾನರು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ ದಿನ ನಾನು ಬೈದೆ. ನನ್ನ ಬಾಯಿ ಮೊದಲಿಂದಲೂ ಜೋರು. "ಧ್ಯಾನ ಎಲ್ಲೈತ್ರಿ ನಿಮ್ದು?" ಎಂದೆ. ಮುಂದಿನ ವಾರ ಅಕ್ಕಿ ತೊಳೆದು ಕುಕ್ಕರಿಗೆ ಹಾಕಿದವರು ನೀರನ್ನೇ ಹಾಕದೆ ಒಲೆ ಹಚ್ಚಿದರು. ಅವತ್ತು ಬೈಯಲು ಬಾಯಿ ಬರಲಿಲ್ಲ.

ಕುಷಾಯಿಗೂಡದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದವರು ಇವರು. ಮೂರು ಮೀಟರಿನ ಅಂಕಿಗಳನ್ನು ಒಟ್ಟಿಗೆ ತಲೆಯಲ್ಲಿಟ್ಟುಕೊಂಡು, ನಡುವೆ ಯಾರು ಮಾತಾಡಿಸಿದರೂ ಬಿಡದೆ, ಆಚೆಯ ಮೇಜಿಗೆ ಹೋಗಿ ಬರೆಯುತ್ತಿದ್ದರು. ಅಂಥ ಮನುಷ್ಯನಿಗೆ ಒಂದು ಲೋಟ ನೀರು ಮರೆತುಹೋಗುವುದೆಂದರೇನು?

ಕಡೆಗೆ ಅವರನ್ನು ಕರೆದೊಯ್ದ ದಿಲ್‌ಸುಖ್‌ನಗರದ ದವಾಖಾನೆಯಲ್ಲಿ ಮನಸ್ಸಿನ ಪರೀಕ್ಷೆ ಮಾಡುವವಳು ಚಿಕ್ಕ ವಯಸ್ಸಿನ ಹುಡುಗಿ. ಉತ್ತರದ ಕಡೆಯವಳು, ಹಿಂದಿ ಬಿಟ್ಟರೆ ಇಲ್ಲಿಯ ಭಾಷೆಯೂ ಬಾರದು, ನಮ್ಮ ಕನ್ನಡವೂ ಬಾರದು. ಹಳೆಯ ನೆನಪುಗಳ ಜಾಗವೇ ಬೇರೆ ಎಂದಳು. ಈಗ ಕೇಳಿದ್ದನ್ನು ಕೆಲಹೊತ್ತು ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವ ಜಾಗ ಇನ್ನೊಂದು. ಅದು ಎಲ್ಲರಿಗೂ ಚಿಕ್ಕದೇ, ಮೂರು ನಾಲ್ಕು ಸಾಮಾನು ಇಟ್ಟರೆ ತುಂಬಿತು. ನಮ್ಮವರಿಗೆ ತೊಂದರೆ ಇರುವುದು ಅಲ್ಲೋ ಏನೋ, ನೋಡಬೇಕು. ಬೇಗ ತಿಳಿದರೆ ಔಷಧವನ್ನೂ ಬೇಗ ಶುರು ಮಾಡಬಹುದು ಎಂದಳು.

ಅವಳು ಹಿಂದಿಯಲ್ಲಿ ನಾಲ್ಕು ಅಂಕಿ ಹೇಳಿದಳು. ಅವನ್ನು ಹಿಂದುಮುಂದಾಗಿ ತಿರುಗಿಸಿ ಹೇಳಬೇಕು. ಇವರು ಎರಡು ಹೇಳಿ ತಡವರಿಸಿದರು. ಮತ್ತೆ ಕೊಟ್ಟಳು, ಮತ್ತೆ ಅಷ್ಟೇ.

ನನಗೆ ತಡೆಯಲಾಗಲಿಲ್ಲ. ಈ ಊರಿಗೆ ಬಂದು ಎಷ್ಟೇ ವರ್ಷವಾಗಿರಲಿ, ಹಿಂದಿ ಎಷ್ಟೇ ಚೆನ್ನಾಗಿ ಬರಲಿ, ನಮ್ಮ ವಿಜಯಪುರದವರ ಎಣಿಕೆ ಮಾತ್ರ ಕನ್ನಡದಲ್ಲೇ. ಹಿಂದಿಯಲ್ಲಿ ಕೇಳಿ, ಕನ್ನಡ ಮಾಡಿಕೊಂಡು, ತಿರುಗಿಸಿ, ಮತ್ತೆ ಹಿಂದಿ ಮಾಡುವಷ್ಟರಲ್ಲಿ ಆ ಚಿಕ್ಕ ಜಾಗ ತುಂಬದೆ ಇದ್ದೀತೇ? ಇದನ್ನೇ ಅವಳಿಗೆ ಹೇಳಿ ವಾದಿಸಿದೆ.

ಯಜಮಾನರು ನಕ್ಕರು. "ಕುಣೀಲಿಕ್ಕೆ ಬಾರದಾಕಿ ನೆಲ ಡೊಂಕ ಅಂದಳಂತ. ಸುಮ್ನಿರಲೇ."

ಆದರೆ ಹುಡುಗಿ ನನ್ನ ಮಾತು ಒಪ್ಪಿದಳು. ಅಂಕಿಗಳ ಚೀಟಿ ನನ್ನ ಕೈಗೇ ಕೊಟ್ಟಳು. ನಾನು ಕನ್ನಡದಲ್ಲಿ ಓದಬೇಕು, ಅವರು ಕನ್ನಡದಲ್ಲಿ ತಿರುಗಿಸಿ ಹೇಳಬೇಕು, ಅವರು ಹೇಳಿದ್ದನ್ನು ನಾನು ಅವಳಿಗೆ ಹಿಂದಿಯಲ್ಲಿ ಹೇಳಬೇಕು.

"ಏಳು, ಎರಡು, ಒಂಬತ್ತು, ನಾಲ್ಕು," ಎಂದು ಓದಿದೆ.

"ನಾಲ್ಕು, ಒಂಬತ್ತು..." ಕಣ್ಣು ಮುಚ್ಚಿಕೊಂಡರು. "ಎರಡು... ಐದು."

ನಾನು ಹಿಂದಿಯಲ್ಲಿ ನಾಲ್ಕು, ಒಂಬತ್ತು, ಎರಡು, ಏಳು ಎಂದೆ. ಬಾಯಿ ತಾನಾಗಿಯೇ ಹಾಗೆ ಹೇಳಿಬಿಟ್ಟಿತು ಎನ್ನಲಾರೆ, ತಿಳಿದೇ ಹೇಳಿದೆ. ಒಂದು ಸಲ ಹೇಳಿದ ಮೇಲೆ ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಹುಡುಗಿಗೆ ಖುಷಿಯಾಯಿತು. ಚಿಂತೆ ಮಾಡುವಂಥದ್ದು ಕಾಣುವುದಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದಳು. ನನಗೆ ಸ್ವರ್ಗ ಮೂರೇ ಗೇಣು.

ಕೆಳಗೆ ಬಂದು ಮೆಟ್ರೊ ಕಂಬದ ಪಕ್ಕ ಬಸ್ಸಿಗೆ ನಿಂತೆವು. ಕೋಚಿಂಗ್ ಬಿಟ್ಟ ಹುಡುಗರ ಗದ್ದಲ. "ನೋಡಿದ್ರೇನು? ನಿಮಗ ಏನೂ ಆಗಿಲ್ಲ," ಎಂದೆ.

ಅವರು ರಸ್ತೆಯನ್ನೇ ನೋಡುತ್ತಿದ್ದರು. "ಕಡೀ ಅಂಕಿ ನನ್ನ ತಲ್ಯಾಗ ಇರಲೇ ಇಲ್ಲ. ಬಾಯಿಗೆ ಬಂದದ್ದು ಒಗದೆ. ನೀ ಆಕಿಗೆ ಬ್ಯಾರೇನ ಹೇಳಿದಿ. ನನಗ ಹಿಂದಿ ತಿಳಿಯೂದಿಲ್ಲೇನು?"

ನಾಚಿಕೆಯಿಂದ ಮುಖ ಉರಿಯಿತು. "ನಿಮ್ಮ ಸಲುವಾಗಿ..." ಎಂದೆ.

"ಇನ್ನ ಮುಂದ ನನ್ನ ತಲಿ ಏನೂ ಹಿಡಿಯಂಗಿಲ್ಲ ಅಂತ ನನಗ ಗೊತ್ತಾಗಾಕತ್ತೈತಿ. ಗುಳಿಗಿ ತಗೊಂಡೆನೋ ಇಲ್ಲೋ, ಉಂಡೆನೋ ಇಲ್ಲೋ, ಎಲ್ಲಾ ನಿನ್ನ ಕೇಳಬೇಕು. ನೀನ ಸುಳ್ಳ ಹೇಳಿದ್ರ ನಾ ಯಾರನ್ನ ಕೇಳ್ಲಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಆ ಹೆದರಿಕೆಯನ್ನು ಅವರು ಎಷ್ಟು ದಿನದಿಂದ ಒಬ್ಬರೇ ಹೊತ್ತು ತಿರುಗುತ್ತಿದ್ದರೋ, ಬೈಯುವುದರಲ್ಲಿ ಮುಳುಗಿದ್ದ ನಾನು ನೋಡಿರಲೇ ಇಲ್ಲ.

ನಮ್ಮ ಬಸ್ಸು ಬಂದು ನಿಂತು ಹೋಯಿತು. ನಾವು ಮತ್ತೆ ದವಾಖಾನೆಯ ಮೆಟ್ಟಿಲು ಹತ್ತಿದೆವು. ಹುಡುಗಿಯ ಮುಂದೆ ನಾನು ಅಳುತ್ತಲೇ ತಪ್ಪೊಪ್ಪಿಕೊಂಡೆ. ಅವಳು ಹೊಸ ಚೀಟಿ ತೆಗೆದು ನನ್ನ ಕೈಗೆ ಕೊಟ್ಟಳು.

"ಮೂರು, ಎಂಟು, ಒಂದು, ಆರು."

"ಆರು, ಒಂದು..." ಎಂದು ಬೆರಳು ಮಡಿಚಿದರು. "ಏಳು. ನಾಲ್ಕು."

ಆರು, ಒಂದು, ಏಳು, ನಾಲ್ಕು ಎಂದು ಹಿಂದಿಯಲ್ಲಿ ಹೇಳಿದೆ. ಹುಡುಗಿ ತಪ್ಪಿನ ಗುರುತು ಹಾಕಿದಳು.

ಯಜಮಾನರು ನನ್ನ ಮುಖ ನೋಡಿದರು. "ಹಾಂ, ಈಗ ಖರೇ ಹೇಳಿದಿ," ಎಂದರು. "ಮುಂದಿಂದು ಓದು."