ಜೇನು ಸೊಸೈಟಿಯ ಕಾರ್ಯದರ್ಶಿಗಳು

ಇವತ್ತು ಬೆಳಿಗ್ಗೆ ಮಗಳ ಡಬ್ಬಿಗೆ ಚಪಾತಿ ಸುತ್ತಿಟ್ಟು, ಎಂದಿನಂತೆ ಚಹಾಕ್ಕೆ ಎರಡು ಲೋಟ ತೆಗೆದೆ. ಆಮೇಲೆ ನೆನಪಾಯಿತು, ಕಾರ್ಯದರ್ಶಿಗಳು ತೀರಿಕೊಂಡು ಹದಿನೈದು ದಿನವಾಯಿತು.

ಅವರ ಬಲಗೈ ಹೆಬ್ಬೆರಳಿನ ಉಗುರ ಸಂದಿಯಲ್ಲಿ ಯಾವಾಗಲೂ ಜೇನುಮೇಣ ಹಳದಿಯಾಗಿ ಕೂತಿರುತ್ತಿತ್ತು. ಅವರು ಹಿಡಿದ ಲೋಟದ ಅಂಚಿಗೂ ಅದರ ಗುರುತು. ಜೇನು ಸಾಕುವವರ ಸೊಸೈಟಿಗೆ ಹೊರದೇಶದ ಸಹಕಾರಿ ಒಕ್ಕೂಟಗಳಿಂದ ಬರುವ ಇಂಗ್ಲಿಷ್ ಪತ್ರಿಕೆಗಳನ್ನು ನನ್ನಿಂದ ಓದಿಸಿಕೊಳ್ಳಲು ಬೆಳಿಗ್ಗೆ ಚಹಾದ ಹೊತ್ತಿಗೆ ಬರುತ್ತಿದ್ದರು. ನನ್ನ ಕಾನ್ವೆಂಟ್ ಇಂಗ್ಲಿಷು ಮದುವೆಯಾದ ಮೇಲೆ ಔಷಧದ ಚೀಟಿ ಓದುವುದಕ್ಕಷ್ಟೇ ಉಳಿದಿತ್ತು. ಯಾವುದೋ ದ್ವೀಪದ ಮೀನುಗಾರರು, ಯಾವುದೋ ಬೆಟ್ಟದ ಕಾಫಿ ಬೆಳೆಗಾರರು ಸಂಘ ಕಟ್ಟಿ, ಸಂಘಗಳೆಲ್ಲ ಸೇರಿ ಒಕ್ಕೂಟವಾದ ಸುದ್ದಿ ಓದಿದರೆ, ನೆಂಟರ ಕ್ಷೇಮ ವಿಚಾರಿಸುವವರ ಹಾಗೆ "ಅಲ್ಲಿ ಈ ವರ್ಷ ಮಳೆ ಹೆಂಗಿದ್ದಡ?" ಎನ್ನುತ್ತಿದ್ದರು.

ಒಮ್ಮೆ ಅಂಥ ಒಕ್ಕೂಟದವರೇ ಮೂವರು ಶಿರಸಿಗೆ ಬಂದರು. ಕಾರ್ಯದರ್ಶಿಗಳ ಮಾತನ್ನು ಇಂಗ್ಲಿಷಿನಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಜೇನಿಗೆ ರೋಗ ಬಿದ್ದು ಅರ್ಧದಷ್ಟು ಪೆಟ್ಟಿಗೆಗಳು ಖಾಲಿಯಾಗಿವೆ, ಹೊಸಬರು ಸೇರುತ್ತಿಲ್ಲ, ಹೀಗೇ ಆದರೆ ಬರುವ ವರ್ಷ ಸೊಸೈಟಿಯ ಬಾಗಿಲು ಹಾಕಬೇಕು ಎಂದರು ಕಾರ್ಯದರ್ಶಿಗಳು. ಬಂದವರೆದುರು ಮನೆಯ ಕಷ್ಟ ಹೇಳಬಾರದೆಂದು ಕಲಿತು ಬೆಳೆದವಳು ನಾನು. ಸ್ವಲ್ಪ ತೊಂದರೆಯಿದೆ, ಉಳಿದಂತೆ ಎಲ್ಲ ಚೆನ್ನಾಗಿದೆ ಎಂದುಬಿಟ್ಟೆ. ಅತಿಥಿಗಳು ನಗುತ್ತ ತಲೆಯಾಡಿಸಿದರು.

ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು. ದನಿ ಏರಲಿಲ್ಲ.

"ತಂಗೀ, ಆನು ನಗೋ ಮಾತು ಎಂತೂ ಹೇಳಿದ್ನಿಲ್ಲೆ. ಅವು ಎಂತಕ್ಕೆ ನಗ್ತಾ ಇದ್ದ?"

ಮತ್ತೆ ಅತಿಥಿಗಳ ಕಡೆ ತಿರುಗಿದೆ. ಮೊದಲಿನಿಂದ, ಒಂದೂ ಬಿಡದೆ ಹೇಳಿದೆ. ಅತಿಥಿಗಳಲ್ಲಿ ಒಬ್ಬ ಹೆಂಗಸು, ತಾವೂ ಜೇನು ಸಾಕುವವರು, ಲೋಟ ಕೆಳಗಿಟ್ಟರು. ನಮ್ಮ ಊರಲ್ಲೂ ಹೀಗೇ ಆಗಿತ್ತು, ನೆರೆಯ ಸಂಘಗಳ ಜೊತೆ ಸೇರಿ, ರೋಗ ಮುಟ್ಟದ ಜೇನು ಕುಟುಂಬಗಳನ್ನು ಹಂಚಿಕೊಂಡಿದ್ದರಿಂದ ಉಳಿದೆವು ಅಂದರು. ಆಮೇಲೆ ಕಾರ್ಯದರ್ಶಿಗಳು ಸಿದ್ದಾಪುರ, ಯಲ್ಲಾಪುರದ ಬಸ್ಸು ಹತ್ತಿದ್ದೇ ಹತ್ತಿದ್ದು. ಮೂರು ತಾಲೂಕಿನ ಸಂಘಗಳು ಕೂಡಿದವು. ಬಾಗಿಲು ಹಾಕಬೇಕಾಗಲಿಲ್ಲ.

ಈ ಸಲ ಮತ್ತೆ ರೋಗ ಬಿದ್ದಿದೆ. ಪೆಟ್ಟಿಗೆ ತೆಗೆದು ನೋಡಲು ಅವರಿಲ್ಲ.

ಸಂಜೆ, ಅಂದು ಬಂದಿದ್ದ ಆ ಜೇನು ಸಾಕುವ ಹೆಂಗಸಿಗೆ ಕಾರ್ಯದರ್ಶಿಗಳ ಸಾವಿನ ಸುದ್ದಿ ತಿಳಿಸಲು ಕಾಗದ ಹಿಡಿದು ಮೆಟ್ಟಿಲ ಮೇಲೆ ಕೂತೆ. ರೋಗದ್ದನ್ನೂ ಬರೆದೆ. ಕರಿಬೇವಿಗೆಂದು ಬಂದ ಪಕ್ಕದ ಮನೆಯವರು ಏನು ಬರೆಯುತ್ತಿದ್ದೇನೆಂದು ಕೇಳಿ ತಿಳಿದು, ಸೊಪ್ಪು ಮುರಿಯುತ್ತಲೇ ಅಂದರು:

"ಅಷ್ಟು ದೂರದವ್ರಿಗೆ ಅದೆಲ್ಲ ಎಂತಕ್ಕೆ? ಎಲ್ಲ ಚೆನ್ನಾಗಿದೆ ಅಂತ ಬರೆದುಬಿಡಿ."