ಪುಣೆಯಲ್ಲಿ ಕುದುರೆಗೆ ನನ್ನ ಮಾತು ಮರೆಸಿದ್ದು

ಧಾರವಾಡದಿಂದ ಪುಣೆಗೆ ಬೆಳಗಿನ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿ ಬಟ್ಟೆಯ ಚೀಲ, ಹೆಲ್ಮೆಟ್ಟು ಮತ್ತು ಹಳೆಯ ಚಾದರದಲ್ಲಿ ಸುತ್ತಿದ ಒಂದು ಕಾಲು ಇದ್ದವು. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲವಾಗಿ ಇಪ್ಪತ್ತು ವರ್ಷವಾಯಿತು. ಲಾರಿ ಬಂದು ಸೈಕಲ್ಲಿಗೆ ಗುದ್ದಿದ ಆ ಕಥೆಯನ್ನು ಹೇಳಿ ಹೇಳಿ ನನಗೇ ಬೇಸರ ಬಂದಿದೆ, ಇಲ್ಲಿ ಬೇಡ. ದಿನ ಓಡಾಡುವ ಕೃತಕ ಕಾಲು ಬೇರೆ, ಕುದುರೆ ಏರುವಾಗ ಹಾಕಿಕೊಳ್ಳುವುದು ಬೇರೆ. ಕಂಡಕ್ಟರು ಚಾದರದ ಗಂಟನ್ನು ಎತ್ತಿ ಮೇಲಿಡುತ್ತ, "ಏನ್ರಿ ಬಾಯಾರ, ಬಂದೂಕು ಗಿಂದೂಕು ಏನರ ಅದ ಏನು ಇದರಾಗ?" ಎಂದ. "ಕಾಲು ಅದ್ರಿ" ಎಂದೆ. ಬೆಳಗಾವಿ ದಾಟುವವರೆಗೂ ಅವನು ನನ್ನ ಕಡೆ ನೋಡಲಿಲ್ಲ.

ಹೆಣ್ಣುಮಕ್ಕಳಿಗೆ ಸ್ಕೂಟರ್ ಕಲಿಸುವುದು ನನ್ನ ಕಸುಬು. ಹಿಂದಿನ ಸೀಟಿನಲ್ಲಿ ಕೂತು "ಬ್ರೇಕು, ಬ್ರೇಕು, ಅಯ್ಯೋ ಬ್ರೇಕು" ಎಂದು ದಿನವಿಡೀ ಬಾಯಿ ಬಡಿದುಕೊಳ್ಳುವ ಕೆಲಸ. ಅದಕ್ಕೂ ಮೊದಲು ನಮ್ಮ ಮನೆಯಲ್ಲಿ ಕುದುರೆ ಇತ್ತು. ಅಪ್ಪ ಟಾಂಗಾ ಹೊಡೆಯುತ್ತಿದ್ದರು. ಚಾಬೂಕು ಅವರ ಕೈಯಲ್ಲಿ ಬರೀ ಶೋಕಿಗೆ ಇರುತ್ತಿತ್ತು, ಕುದುರೆ ನಡೆಯುತ್ತಿದ್ದದ್ದು ಅವರ ಮಾತಿಗೆ. ಸ್ಟೇಶನ್ನಿನಿಂದ ಮಾರುಕಟ್ಟೆಯವರೆಗೆ ಅದರ ಜತೆ ಅಷ್ಟು ಹರಟುತ್ತಿದ್ದ ಮನುಷ್ಯ ಮನೆಗೆ ಬಂದರೆ ಅವ್ವನ ಜತೆ ನಾಲ್ಕು ಮಾತು ಆಡುತ್ತಿರಲಿಲ್ಲ. ಹೀಗಾಗಿ ಕುದುರೆ ಅಂದರೆ ಮಾತು ಎಂದೇ ನಾನು ತಿಳಿದು ಬೆಳೆದೆ.

ಈಗ ನಾನು ಕಲಿಯಲು ಹೊರಟಿದ್ದು ಡ್ರೆಸಾಜ್. ಓಟವಲ್ಲ, ಜಿಗಿತವಲ್ಲ. ಒಂದು ಚೌಕಟ್ಟಿನ ಅಂಗಳದಲ್ಲಿ ಕುದುರೆಯನ್ನು ನಡೆಸಬೇಕು, ದುಂಡಗೆ ಸುತ್ತಿಸಬೇಕು, ಹೇಳಿದ ಜಾಗದಲ್ಲಿ ನಿಲ್ಲಿಸಬೇಕು. ಮೇಲೆ ಕೂತವರು ಏನೂ ಮಾಡುತ್ತಿಲ್ಲ, ಕುದುರೆಗೆ ತಾನೇ ತಿಳಿದಿದೆ ಎನ್ನುವಂತೆ ಕಾಣಬೇಕು. ಅಂಗವಿಕಲರಿಗೆ ಇದರ ಬೇರೆಯೇ ವರ್ಗಗಳಿವೆ. ಊರಿನಲ್ಲಿ ಪರಿಚಿತರ ಕುದುರೆಯ ಮೇಲೆ ನಾನು ಮಾಡಿದ ಸವಾರಿಯ ವಿಡಿಯೋ ನೋಡಿ ಪುಣೆಯ ಒಂದು ಶಾಲೆಯವರು ಒಂದು ತಿಂಗಳ ತರಬೇತಿಗೆ ಕರೆದಿದ್ದರು. ಕೊನೆಯಲ್ಲಿ ಪರೀಕ್ಷೆ, ಪಾಸಾದವರಿಗೆ ದಿಲ್ಲಿಯಲ್ಲಿ ದೊಡ್ಡ ಶಿಬಿರ. ನನಗೆ ಮೂವತ್ತೊಂಬತ್ತು. ಈ ಸಲ ಬಿಟ್ಟರೆ ಮತ್ತೆ ಕರೆಯುತ್ತಾರೆ ಎಂಬ ಭ್ರಮೆ ನನಗಿರಲಿಲ್ಲ.

ನಿಪ್ಪಾಣಿ, ಕೊಲ್ಹಾಪುರ ದಾಟಿ ಕರಾಡದ ಹತ್ತಿರ ಊಟಕ್ಕೆ ನಿಲ್ಲಿಸಿದರು. ವಡಾಪಾವ್ ಬಿಸಿಯಿತ್ತು, ಚಹಾ ಶರಬತ್ತಿನಷ್ಟು ಸಿಹಿಯಿತ್ತು. ಪಕ್ಕದ ಸೀಟಿನ ಹೆಂಗಸು ಮಗಳ ಬಾಣಂತನಕ್ಕೆ ಹೊರಟಿದ್ದಳು. ನಾನು ಯಾಕೆ ಹೊರಟಿದ್ದೇನೆಂದು ಕೇಳಿ, "ಅಯ್ಯ, ಈ ವಯಸ್ಸಿನ್ಯಾಗ ಕುದುರಿ ಹತ್ತತೀರಿ?" ಎಂದಳು.

"ಕುದುರಿ ಏನ್ ವಯಸ್ಸು ಕೇಳತದೇನ್ರಿ?" ಎಂದೆ.

ಖಂಬಾಟಕಿ ಘಾಟು ಇಳಿದು ಕಾತ್ರಜ್ ತಲುಪುವಾಗ ಸಂಜೆಯಾಗಿತ್ತು. ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಗೆ ಹತ್ತು ತಾಸು ಹಿಡಿದಿತ್ತು, ಮೊಂಡುಗಾಲು ಬಾತಿತ್ತು. ಅಲ್ಲಿಂದ ರಿಕ್ಷಾದಲ್ಲಿ ಕೊಂಢವಾಕ್ಕೆ ಹೋದೆ. ನನ್ನ ಸೋದರತ್ತೆ ಸುಲೋಚನಾ ಮದುವೆಯಾಗಿ ಪುಣೆಗೆ ಬಂದು ಅಲ್ಲೇ ನೆಲೆಸಿದವರು. ಮನೆಯ ಎದುರು ಹೊಸ ಕಟ್ಟಡ ಏಳುತ್ತಿತ್ತು. ಕಿಟಕಿ ತೆರೆದರೆ ಸಿಮೆಂಟಿನ ಧೂಳು, ಮುಚ್ಚಿದರೆ ಸೆಕೆ. "ಮೊದ್ಲಿಗೆ ಕಾಲು ಬಿಚ್ಚಿ ಇಡು, ಆಮ್ಯಾಲ ಸುದ್ದಿ ಹೇಳು" ಎಂದು ಅತ್ತೆ ಜೋಳದ ಭಕ್ರಿ, ಹಸಿಮೆಣಸಿನಕಾಯಿ ಕುಟ್ಟಿದ ಠೇಚಾ, ಮೊಸರು ತಂದಿಟ್ಟರು. ಗ್ಯಾಸಿನವನ ಜತೆ ಫೋನಿನಲ್ಲಿ ಮರಾಠಿಯಲ್ಲಿ ಜಗಳವಾಡುತ್ತಲೇ ನನಗೆ ಕನ್ನಡದಲ್ಲಿ "ಇನ್ನೊಂದು ಹಾಕ್ಕೋ" ಎನ್ನುತ್ತಿದ್ದರು.

ಸವಾರಿ ಶಾಲೆ ಬೋಪದೇವ ಘಾಟಿನ ದಾರಿಯಲ್ಲಿತ್ತು. ಮರುದಿನ ಹೋದರೆ ಮುಖ್ಯ ತರಬೇತುದಾರರು ಮಗಳ ಮದುವೆಗೆಂದು ಊರಿಗೆ ಹೋಗಿದ್ದರು, ಬರುವುದು ವಾರದ ಮೇಲೆ. ಅಲ್ಲಿದ್ದ ಸಹಾಯಕರು ನನಗೆ ಒಂದು ಕಂದು ಕುದುರೆಯನ್ನು ಕೊಟ್ಟು, ಅಲ್ಲಿಯವರೆಗೆ ಅದರ ಜತೆ ಹೊಂದಿಕೊಳ್ಳಿ ಎಂದರು. ರೇಸಿನಿಂದ ನಿವೃತ್ತಿಯಾದ ಕುದುರೆ. ಹಣೆಯ ಮೇಲೆ ಬಿಳಿ ಚುಕ್ಕೆ, ಮುಖದಲ್ಲಿ ಯಾರನ್ನೂ ನಂಬದ ನೋಟ. ರೇಸಿನ ಹೆಸರು ನನ್ನ ನಾಲಗೆಗೆ ಹೊರಳಲಿಲ್ಲ, "ತಮ್ಮಾ" ಎಂದು ಕರೆದೆ. ಕುದುರೆಯನ್ನು 'ಅದು' ಎನ್ನುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ, ಹಾಗಾಗಿ ಅವನು ಎಂದೇ ಬರೆಯುತ್ತೇನೆ.

ಸವಾರರು ಕುದುರೆಯನ್ನು ನಡೆಸುವುದು ಎರಡೂ ಕಾಲಿನಿಂದ ಪಕ್ಕೆ ಒತ್ತಿ. ನನ್ನ ಬಲಗಾಲು ಒತ್ತುವುದಿಲ್ಲ. ಅದಕ್ಕೆ ಬದಲಾಗಿ ಒಂದು ಸಣ್ಣ ಬೆತ್ತ ಹಿಡಿಯಲು ನನ್ನಂಥವರಿಗೆ ಅನುಮತಿ ಇದೆ. ಬಲಪಕ್ಕೆಯ ಮೇಲೆ ಮೆಲ್ಲಗೆ ಮುಟ್ಟಿದರೆ ಅದೇ ನನ್ನ ಕಾಲು. ಆದರೆ ತಮ್ಮನಿಗೆ ಬೆತ್ತ ಕಂಡರೆ ಮೈಯೆಲ್ಲ ನಡುಕ. ರೇಸಿನಲ್ಲಿ ಎಷ್ಟು ಏಟು ತಿಂದಿದ್ದನೋ! ಬೆತ್ತ ಬದಿಗಿಟ್ಟು, "ನಡೀ ತಮ್ಮಾ" ಎಂದೆ. ಅಪ್ಪನ ರಾಗ, ಅಪ್ಪನ ಮಾತು. ಅವನ ಒಂದು ಕಿವಿ ಹಿಂದಕ್ಕೆ ತಿರುಗಿತು. ಇನ್ನೊಮ್ಮೆ ಹೇಳಿ ಎಡಗಾಲು ಒತ್ತಿದೆ, ಹೊರಟ. ನಾಲ್ಕೈದು ದಿನದಲ್ಲಿ "ನಡೀ ತಮ್ಮಾ" ಎಂದರೆ ನಡೆಯುತ್ತಿದ್ದ, "ಸಾಕೋ" ಎಂದರೆ ನಿಲ್ಲುತ್ತಿದ್ದ. ನಾನು ಗೇಟಿನ ಹತ್ತಿರ ನಿಂತು ಕರೆದರೆ ಹುಲ್ಲು ಬಿಟ್ಟು ಬರುತ್ತಿದ್ದ. ಜೇಬಿನಲ್ಲಿ ಬೆಲ್ಲದ ತುಣುಕು ಇರುತ್ತಿತ್ತು ನಿಜ, ಬೆಲ್ಲವಿಲ್ಲದ ದಿನವೂ ಬಂದ. ಅಷ್ಟು ಸಂತೋಷ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಪರೀಕ್ಷೆಯಲ್ಲಿ ನನ್ನ ವರ್ಗದವರು ಬಾಯಿ ಬಿಡುವಂತಿಲ್ಲ ಎಂಬ ನಿಯಮ ಗೊತ್ತಿತ್ತು. ಆ ಒಂದು ದಿನ ಬಾಯಿ ಮುಚ್ಚಿಕೊಂಡರಾಯಿತು ಎಂದುಕೊಂಡೆ. ಟಾಂಗಾದವನ ಮಗಳು ಇನ್ನೇನು ಯೋಚಿಸುತ್ತಾಳೆ.

ವಾರದ ಮೇಲೆ ತರಬೇತುದಾರ ಮಾನೆ ಸರ್ ಬಂದರು. ನಿಪ್ಪಾಣಿಯವರು, ಅಶ್ವದಳದಲ್ಲಿ ರಿಸಾಲ್ದಾರರಾಗಿ ನಿವೃತ್ತರಾದವರು, ಕನ್ನಡ ಮರಾಠಿ ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಆಡುವವರು. ನಾನು ಹೆಮ್ಮೆಯಿಂದ ಎರಡು ಸುತ್ತು ತೋರಿಸಿದೆ. ಅವರು ಕೈಕಟ್ಟಿ ನೋಡಿದರು.

"ಫಾರ್ ಛಾನ್, ಭಾಳ ಚಲೋ. ಈಗ ಬಾಯಿ ಮುಚ್ಚಿ ಒಂದು ಸುತ್ತು ಹೊಡೀರಿ."

ಎಡಗಾಲು ಒತ್ತಿದೆ. ತಮ್ಮ ನಿಂತಲ್ಲೇ ಕಿವಿ ಹಿಂದಕ್ಕೆ ತಿರುಗಿಸಿ ಕಾದ. ಬೆತ್ತ ಮುಟ್ಟಿಸಿದೆ, ಬೆಚ್ಚಿದ, ಆದರೆ ಹೆಜ್ಜೆ ಇಡಲಿಲ್ಲ. ಮತ್ತೆ ಕಿವಿ ತಿರುಗಿಸಿ ನನ್ನ ಮಾತಿಗೆ ಕಾದ. ಪರೀಕ್ಷೆಗೆ ಮೂರು ವಾರ ಉಳಿದಿತ್ತು.

"ನೀವು ಕುದುರಿಗೆ ಡ್ರೆಸಾಜ್ ಕಲಿಸಿಲ್ಲ ಬಾಯಾರ, ಟಾಂಗಾ ಕಲಿಸೀರಿ" ಎಂದರು ಮಾನೆ ಸರ್. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಬೆತ್ತದ್ದೂ ಕಲಸತೀನ್ರಿ. ಮಾತೂ ಇರಲಿ, ಬೆತ್ತಾನೂ ಇರಲಿ."

"ಎರಡೂ ಇದ್ರ ಅದು ಮಾತಿಗೇ ಕಾಯತದ. ಟೆಸ್ಟಿನ್ಯಾಗ ಅಲ್ಲೇ ನಿಂತುಬಿಡತದ. ಮಾತು ತೆಗೀಬೇಕ್ರಿ."

"ಹೆಂಗ ತೆಗೀಬೇಕ್ರಿ?"

ಅವರು ಹೇಳಿದರು. ಮಾತಾಡಬೇಕು, ಆದರೆ ಹೊರಡಲು ಬಿಡಬಾರದು. "ನಡೀ" ಎನ್ನಬೇಕು, ಅವನು ಹೆಜ್ಜೆ ಎತ್ತಿದೊಡನೆ ಲಗಾಮು ಹಿಡಿದು ನಿಲ್ಲಿಸಬೇಕು. ಗೇಟಿನಿಂದ ಕರೆಯಬೇಕು, ಬಂದರೆ ಬೆನ್ನು ತಿರುಗಿಸಿ ನಿಲ್ಲಬೇಕು, ಬೆಲ್ಲವಿಲ್ಲ, ಸವರುವುದಿಲ್ಲ. ಬೆತ್ತ ಮುಟ್ಟಿದಾಗ ಮಾತ್ರ ನಡೆ, ಆಗ ಮಾತ್ರ ಬೆಲ್ಲ. ಅತ್ತೆಯ ಮನೆಯೆದುರಿನ ಕಟ್ಟಡದ ಸಿಮೆಂಟ್ ಮಿಕ್ಸರಿನ ಗದ್ದಲ ನನಗೆ ಹೇಗೋ, ನನ್ನ ಮಾತು ಅವನಿಗೆ ಹಾಗೆ ಆಗಿಬಿಡಬೇಕು.

ಮರುದಿನದಿಂದ ಶುರು ಮಾಡಿದೆ. "ನಡೀ ತಮ್ಮಾ" ಎಂದೆ, ಹೊರಟ, ಹಿಡಿದೆ. ಮತ್ತೆ ಎಂದೆ, ಹೊರಟ, ಹಿಡಿದೆ. ಏನು ತಪ್ಪಾಯಿತೆಂದು ಅವನು ಕತ್ತು ತಿರುಗಿಸಿ ನನ್ನ ಬೂಟನ್ನು ಮೂಸಿದ. ಕೃತಕ ಕಾಲಿನ ಬೂಟು, ಅವನಿಗೇನು ಗೊತ್ತು. ಆ ದಿನ ಮನೆಗೆ ಬಂದು ಊಟ ಬೇಡವೆಂದೆ.

"ಕಾಲು ನೋಯಾಕತ್ತದೇನು?" ಅತ್ತೆ ಕೇಳಿದರು.

ನಡೆದದ್ದನ್ನು ಹೇಳಿದೆ. ಅತ್ತೆ, "ನಿಮ್ಮಪ್ಪ ಟಾಂಗಾ ಮಾರಿದ ದಿನ ಕುದುರಿ ಜೋಡಿ ಮಾತಾಡಿರಲಿಲ್ಲ ನೋಡು. ಕೊಂಡವ ಹೊಡಕೊಂಡು ಹೋಗೋತನಕ ಒಳಗ ಕೂತಿದ್ದ. ಒಂದು ಮಾತು ಆಡಿದ್ರ ಕುದುರಿ ನಿಮ್ಮಪ್ಪನ ಬೆನ್ನ ಹತ್ತತಿತ್ತು ಅಂತ" ಎಂದರು. ನನಗೆ ಅದು ಗೊತ್ತಿರಲಿಲ್ಲ. ಅತ್ತೆ ಆದರೂ ಬಡಿಸಿಟ್ಟಿದ್ದ ಭಕ್ರಿಯನ್ನು ಮುರಿದು ತಟ್ಟೆಯಲ್ಲೇ ಬಿಟ್ಟೆ.

ಹೀಗೆ ಎರಡು ವಾರ ಕಳೆಯುವ ಹೊತ್ತಿಗೆ ತಮ್ಮನಿಗೆ ಬೆತ್ತದ ಹೆದರಿಕೆ ಹೋಯಿತು. ಬಲಪಕ್ಕೆಗೆ ತಾಗಿದ ಕೂಡಲೇ ಹಗುರವಾಗಿ ಹೆಜ್ಜೆ ಹಾಕತೊಡಗಿದ. ಕತ್ತು ಬಾಗಿಸಿ, ಬೆನ್ನು ಎತ್ತಿ ಅವನು ನಡೆಯುವುದನ್ನು ನೋಡಿ ಮಾನೆ ಸರ್ ಕೂಡ ತಲೆದೂಗಿದರು. ಮಾತಿಗೆ ಮಾತ್ರ ಕಿವಿ ದಿನದಿಂದ ದಿನಕ್ಕೆ ಕಡಿಮೆ ತಿರುಗುತ್ತಿತ್ತು. ಮೊದಲು ಪೂರ್ತಿ ತಿರುಗುತ್ತಿತ್ತು, ಆಮೇಲೆ ಅರ್ಧ, ಆಮೇಲೆ ಬರೀ ತುದಿ ಅಲ್ಲಾಡುತ್ತಿತ್ತು. ಒಂದು ಬೆಳಗ್ಗೆ ಅದೂ ಇಲ್ಲ. "ಝಾಲಂ, ಕೆಲಸ ಆತು" ಎಂದರು ಮಾನೆ ಸರ್. ನಾನು ಕುದುರೆಯಿಂದ ಇಳಿದು, ಮೊಂಡುಗಾಲು ಉರಿಯುತ್ತದೆಂದು ಸುಳ್ಳು ಹೇಳಿ, ಲಾಯದ ಹಿಂದೆ ಹೋಗಿ ಅತ್ತುಬಿಟ್ಟೆ.

ಪರೀಕ್ಷೆ ನಡೆದದ್ದು ಶಿವಾಜಿನಗರದ ಹತ್ತಿರದ ಮೈದಾನದಲ್ಲಿ. ಬೇಲಿಯಾಚೆ ಬಸ್ಸುಗಳ ಹಾರನ್ನು, ರಿಕ್ಷಾದವರ ಕೂಗು. ಯಾವುದಕ್ಕೂ ತಮ್ಮ ಜಗ್ಗಲಿಲ್ಲ. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಕೊನೆಗೆ ಅವನು ನಡುಗೆರೆಯ ಮೇಲೆ ನಾಲ್ಕೂ ಕಾಲು ಸಮವಾಗಿಟ್ಟು ನಿಂತಾಗ ಶಭಾಷ್ ಎನ್ನಲು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಮಧ್ಯಾಹ್ನ ಹೆಸರು ಓದಿದರು. ನಾನು ಪಾಸಾಗಿದ್ದೆ. ಅತ್ತೆ ಫೋನಿನಲ್ಲಿ ಚೀರಿದ್ದು ಪಕ್ಕದವರಿಗೂ ಕೇಳಿಸಿತು.

ಮಾನೆ ಸರ್ ಜತೆ ಚಹಾ ಕುಡಿಯುವಾಗ, ದಿಲ್ಲಿಗೆ ತಮ್ಮನನ್ನು ಯಾವಾಗ ಕಳಿಸುತ್ತಾರೆಂದು ಕೇಳಿದೆ.

"ಇಂವಾ ಎಲ್ಲಿ ಬರತಾನ್ರಿ? ಅಲ್ಲಿ ನಿಮಗ ಬ್ಯಾರೆ ಕುದುರಿ ಕೊಡತಾರ. ಇಂವಾ ಇಲ್ಲೇ." ಚಹಾದ ಬಟ್ಟಲು ಕೆಳಗಿಟ್ಟು ಅಂದರು, "ಇನ್ನೆರಡು ತಿಂಗಳು ಸಿಕ್ಕಿದ್ರ ಮಾತು, ಬೆತ್ತ ಎರಡೂ ಉಳಿಸಬಹುದಿತ್ತು. ಇದಕ್ಕ ಟೈಮ್ ಬೇಕಾಗತದ. ನಮ್ಮ ಕಡೆ ಇರಲಿಲ್ಲ."

ಮರುದಿನ ಊರಿಗೆ ಹೊರಡುವ ಮುಂಚೆ ರಿಕ್ಷಾ ಮಾಡಿಕೊಂಡು ಶಾಲೆಗೆ ಹೋದೆ. ಬಯಲಿನ ನಡುವೆ ತಮ್ಮ ಒಬ್ಬನೇ ಮೇಯುತ್ತಿದ್ದ. ಗೇಟಿನ ಹತ್ತಿರ ನಿಂತು, "ತಮ್ಮಾ, ಬಾರೋ" ಎಂದೆ. ಅಪ್ಪನ ರಾಗದಲ್ಲೇ ಕರೆದೆ. ಇನ್ನೊಮ್ಮೆ ಜೋರಾಗಿ ಕರೆದೆ. ಕಿವಿಯ ತುದಿಯೂ ಅಲ್ಲಾಡಲಿಲ್ಲ. ರಿಕ್ಷಾದವನು ಮಾತ್ರ ತನ್ನನ್ನೇ ಕರೆದೆನೆಂದು ಇಳಿದು ಬಂದ.

ಗೇಟು ತೆರೆದು, ಉಬ್ಬುತಗ್ಗಿನ ನೆಲದಲ್ಲಿ ಕಾಲು ಎಳೆದುಕೊಂಡು ಹತ್ತಿರ ಹೋದೆ. ಬೆಲ್ಲ ಕೊಡುವ ಮೊದಲು ಒಂದು ಸಲ ಸವರಬೇಕೆನಿಸಿ ಅವನ ಬಲಪಕ್ಕೆಯ ಮೇಲೆ ಕೈಯಿಟ್ಟೆ. ಮೂರು ವಾರ ಬೆತ್ತ ಮುಟ್ಟಿಸಿದ ಜಾಗ ಅದೇ. ಅವನು ಹುಲ್ಲಿನಿಂದ ಬಾಯಿ ತೆಗೆದು, ಕತ್ತು ಬಾಗಿಸಿ, ಕಲಿಸಿದಂತೆಯೇ ನೆಟ್ಟಗೆ ಹೊರಟ. "ಸಾಕೋ, ತಮ್ಮಾ, ಸಾಕು" ಎಂದು ಕೂಗಿದೆ. ಅವನು ಬಯಲಿನ ಆ ತುದಿಯ ಬೇಲಿಯವರೆಗೂ ಒಂದೇ ಸಮ ನಡೆದು, ಅಲ್ಲಿ ನನ್ನ ಕಡೆ ಬೆನ್ನು ಮಾಡಿ ನಿಂತ.

ಬಸ್ಸು ಕರಾಡ ದಾಟಿದ ಮೇಲೆ ಜೇಬಿನಲ್ಲಿ ಅಂಟುತ್ತಿದ್ದ ಬೆಲ್ಲವನ್ನು ತೆಗೆದು ನಾನೇ ತಿಂದೆ.