ನೆನೆಯಬಾರದ ಕೈ

ಮದ್ದೂರಿನ ಬಸ್ ಸ್ಟ್ಯಾಂಡಿನ ಹಿಂದೆ ಟ್ಯಾಟೂ ಅಂಗಡಿ ಇಟ್ಟಿದ್ದ ಅವನು ಗಿರಾಕಿಯ ಕಣ್ಣೆದುರೇ ಹೊಸ ಸೂಜಿಯ ಪ್ಯಾಕೆಟ್ ಒಡೆಯುತ್ತಿದ್ದ. ಕೆಲಸ ಮುಗಿದೊಡನೆ ಆ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿ, ಗೆಜ್ಜಲಗೆರೆ ಫ್ಯಾಕ್ಟರಿಯ ಹುಡುಗರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ: "ಗಾಯ ಮಾಯೋಗಂಟ ನಾಲೆಗೆ ಇಳೀಬ್ಯಾಡ ಕಣ್ಲಾ, ಕೈ ನೆನೀಬಾರ್ದು."

ನಮ್ಮಜ್ಜಿಗೆ ಕೈ ಮೇಲೆ ತಾತನ ಹೆಸರಿನ ಅಚ್ಚೆ ಹಾಕಿಸಿಕೊಳ್ಳುವ ಆಸೆ. "ಸತ್ತಾಗ ಜೊತೇಲಿ ಬರೋದು ಅಚ್ಚೆ ಒಂದೇ ಕಣಪ್ಪಾ" ಎಂದು ಅವನ ಅಂಗಡಿಗೆ ಹೋಗಿ ಕೈ ಚಾಚಿದಳು. ಅವಳಿಗೆ ಸಕ್ಕರೆ ಕಾಯಿಲೆ. ಮುಂಗೈಯಲ್ಲಿ ಒಣಗದ ಹುಣ್ಣಿತ್ತು. ಅವನು ಆ ಕೈಯನ್ನು ಬೆಳಕಿಗೆ ಹಿಡಿದು ನೋಡಿ, ಹಾಕಿಕೊಂಡಿದ್ದ ಗ್ಲೌಸು ಬಿಚ್ಚಿದ.

"ಇದೇ ಮಾಯ್ತಿಲ್ಲ, ಸೂಜಿ ಗಾಯ ಎಲ್ಲಿ ಮಾಯ್ತದೆ ಕಣಜ್ಜಿ. ಸಕ್ಕರೆ ಇಳೀಲಿ, ನಾನೇ ಮನೆಗೆ ಬಂದು ಹಾಕ್ತೀನಿ."

ಸಂತೆಗೆ ಬಂದಾಗಲೆಲ್ಲ ಅಜ್ಜಿ ಅವನಿಗೆ ಕೈ ತೋರಿಸಿ ಹೋಗುತ್ತಿದ್ದಳು. ಹುಣ್ಣು ಮಾಯಲೇ ಇಲ್ಲ.

ಅವಳು ತೀರಿಕೊಂಡ ದಿನ ಅವನು ಮನೆಗೆ ಬಂದ. ಜಗಲಿಯ ಮೇಲೆ ಮಲಗಿಸಿದ್ದ ಅಜ್ಜಿಯ ಪಕ್ಕ ಕೂತು, ಜೇಬಿನಿಂದ ಪೆನ್ನು ತೆಗೆದು, ಹುಣ್ಣಿಗೆ ತಾಗದಂತೆ ಮುಂಗೈ ಮೇಲೆ ತಾತನ ಹೆಸರನ್ನು ನಿಧಾನವಾಗಿ ಬರೆದ. ಅಷ್ಟರಲ್ಲಿ ಹೆಂಗಸರು ಮೈ ತೊಳೆಯಲು ನೀರು ತಂದರು. ಅವನು ಆ ಕೈಯನ್ನು ಮೇಲೆತ್ತಿ ಹಿಡಿದುಕೊಂಡ.

"ಇದೊಂದು ಕೈ ನೆನೆಸ್ಬ್ಯಾಡಿ ಕಣಮ್ಮ" ಅಂದ.